ಹುಲಿಯಿಲ್ಲದ ಸೀಮೆಯ ನಿಸರ್ಗ ವೀಕ್ಷಕರು

ಹೊಲ, ಹೊಳೆ, ಕೆರೆ, ಕಾಡುಗಳಲ್ಲಿ ಬದುಕುವ ಗಿಡಮರ, ಹಕ್ಕಿ, ಹುಳು, ಪ್ರಾಣಿಗಳನ್ನು ಹೆಸರು ಹಿಡಿದು ಗುರುತಿಸಿ, ಅವುಗಳ ನಡವಳಿಕೆಯನ್ನು ದಿನಾಂಕ ಸಹಿತ ಬರೆದಿಟ್ಟು, ಕಂಡದ್ದನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವರನ್ನು ನಿಸರ್ಗ ವೀಕ್ಷಕರು ಅಥವಾ ರೂಢಿಯ ಮಾತಿನಲ್ಲಿ ನ್ಯಾಚುರಲಿಸ್ಟರು ಎನ್ನುತ್ತಾರೆ. ಈ ಕೆಲಸವನ್ನು ಸಂಬಳಕ್ಕಾಗಿ ಮಾಡುವವರು ರಾಜ್ಯದ ಅಭಯಾರಣ್ಯಗಳ ಅಂಚಿನ ವಸತಿಧಾಮಗಳಲ್ಲಿದ್ದಾರೆ. ಶಾಲಾ ಶಿಕ್ಷಕಿ, ರೈತ, ಅಂಗಡಿಕಾರ, ಬ್ಯಾಂಕ್ ನೌಕರ, ಕಾಲೇಜು ವಿದ್ಯಾರ್ಥಿ ಹೀಗೆ ತಮ್ಮ ತಮ್ಮ ಕಸುಬಿನಲ್ಲಿದ್ದುಕೊಂಡೇ ಬಿಡುವಿನ ವೇಳೆಯನ್ನು ಇದಕ್ಕೆ ಕೊಡುವವರು ಸ್ವಯಂಸೇವಕ ನಿಸರ್ಗ ವೀಕ್ಷಕರು. ಇವರಿಗೆ ಪ್ರಾಣಿಶಾಸ್ತ್ರದ ಪದವಿ ಇರಬೇಕೆಂದೇನೂ ಇಲ್ಲ. ಬೇಕಾದದ್ದು ಬಯಲಿನಲ್ಲಿ ನಡೆಯುವ ಒಂದಿಷ್ಟು ಕ್ರಮಬದ್ಧ ತರಬೇತಿ, ಆಮೇಲೆ ಅದನ್ನು ಬಿಡದೆ ಮುಂದುವರಿಸುವ ಹಟ.

ಇಂಥ ತರಬೇತಿ ಕರ್ನಾಟಕಕ್ಕೆ ಹೊಸದಲ್ಲ. 1980ರಲ್ಲಿ ಸ್ಥಾಪನೆಯಾದ, ಕಬಿನಿ ಹಿನ್ನೀರಿನ ವಸತಿಧಾಮದಿಂದ ಹೆಸರಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ತನ್ನ ಮಾರ್ಗದರ್ಶಕರನ್ನು ಪಳಗಿಸುವುದರ ಜೊತೆಗೆ ಸಾರ್ವಜನಿಕರಿಗೂ ನ್ಯಾಚುರಲಿಸ್ಟ್ ತರಬೇತಿ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಕೆಲವೇ ದಿನಗಳ ಈ ವಸತಿ ಶಿಬಿರಗಳಲ್ಲಿ ಬೆಳಗಿನ ನಡಿಗೆ, ಹಕ್ಕಿ, ಚಿಟ್ಟೆ, ಗಿಡಮರಗಳ ಪರಿಚಯ, ಸಂಜೆಯ ಉಪನ್ಯಾಸ ಇವು ಮುಖ್ಯ ಭಾಗಗಳು. ಮುಂಬಯಿಯಲ್ಲಿ 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಅಧ್ಯಯನ ಮೊದಲಾದ ವಿಷಯಗಳಲ್ಲಿ ಪಾಠ ಮತ್ತು ಕ್ಷೇತ್ರ ಪ್ರವಾಸ ಎರಡೂ ಸೇರಿದ ಕೋರ್ಸುಗಳನ್ನು ನಡೆಸುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1980ರ ದಶಕದಿಂದ ನಡೆಸಿದ ವನ್ಯಜೀವಿ ಅಂದಾಜಿನ ಕೆಲಸದಲ್ಲಿ ನಗರ ಪಟ್ಟಣಗಳಿಂದ ಬಂದ ಸ್ವಯಂಸೇವಕರು ದೊಡ್ಡ ಪಾಲು ಹೊತ್ತರು. ಕಾಡಿನೊಳಗೆ ಮೊದಲೇ ಗುರುತು ಮಾಡಿಟ್ಟ ನೇರ ಜಾಡಿನಲ್ಲಿ ಸದ್ದಿಲ್ಲದೆ ನಡೆಯುತ್ತ, ಕಂಡ ಪ್ರಾಣಿ ಯಾವುದು, ಎಷ್ಟಿದ್ದವು, ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇದ್ದವು ಎಂಬುದನ್ನು ಅಲ್ಲಿಯೇ ಬರೆದುಕೊಳ್ಳುವ ಈ ಕ್ರಮಕ್ಕೆ ಲೈನ್ ಟ್ರಾನ್ಸೆಕ್ಟ್ ಎಂದು ಹೆಸರು. ದೂರ ಹೆಚ್ಚಿದಂತೆ ಎಷ್ಟು ಪ್ರಾಣಿಗಳು ಕಣ್ಣು ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಗಣಿತದಿಂದ ಸರಿದೂಗಿಸಿ, ಒಂದು ಚದರ ಕಿಲೋಮೀಟರಿಗೆ ಎಷ್ಟು ಪ್ರಾಣಿಗಳಿವೆ ಎಂದು ಲೆಕ್ಕ ಹಾಕಲಾಗುತ್ತದೆ. ಸಾಮಾನ್ಯ ನಾಗರಿಕನಿಗೆ ಸರಿಯಾಗಿ ಕಲಿಸಿದರೆ ಆತ ವಿಜ್ಞಾನಕ್ಕೆ ನಂಬಲರ್ಹ ಅಂಕಿಗಳನ್ನು ತಂದುಕೊಡಬಲ್ಲ ಎಂಬುದು ಅಲ್ಲಿ ಸಾಬೀತಾಯಿತು.

ಆದರೆ ಈ ಶಿಬಿರಗಳ ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ದಾಂಡೇಲಿ ಹೀಗೆ ಹುಲಿ ಆನೆಗಳಿರುವ ದಟ್ಟ ಕಾಡುಗಳ ಸುತ್ತಲೇ ಕಲಿಕೆ ನಡೆದಿದೆ; ನಿಸರ್ಗವೆಂದರೆ ಮರಗಳಿರುವ ಜಾಗ, ಅದನ್ನು ನೋಡಲು ಊರು ಬಿಟ್ಟು ದೂರ ಹೋಗಬೇಕು ಎಂಬ ತಿಳಿವಳಿಕೆಯನ್ನು ಈ ವ್ಯವಸ್ಥೆ ಅರಿವಿಲ್ಲದೆಯೇ ಗಟ್ಟಿ ಮಾಡಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳಂಥ ಬಯಲು ಸೀಮೆಗೆ ಈ ತಿಳಿವಳಿಕೆಯಿಂದ ಆಗಿರುವ ನಷ್ಟ ಸಣ್ಣದಲ್ಲ. ತರಬೇತಿ ಪಡೆದ ಕಣ್ಣುಗಳ ಅಗತ್ಯ ಬಂಡೀಪುರಕ್ಕಿಂತ ಇಲ್ಲಿಯೇ ಹೆಚ್ಚು ಎಂಬ ಮಾತಿಗೆ ಈ ಸೀಮೆಯ ಇತಿಹಾಸವೇ ಪುರಾವೆ ಒದಗಿಸುತ್ತದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯು ಮಲೆನಾಡಿಗೂ ಬಯಲು ನಾಡಿಗೂ ನಡುವಣ ಸೆರಗು. ಪಶ್ಚಿಮದ ಹಾನಗಲ್ಲಿನ ಕಡೆ ಮಳೆ ಹೆಚ್ಚು, ಭತ್ತದ ಗದ್ದೆಗಳೂ ಕೆರೆಗಳೂ ಹೆಚ್ಚು. ಪೂರ್ವಕ್ಕೆ ರಾಣೆಬೆನ್ನೂರಿನತ್ತ ಸರಿದಂತೆ ಮಳೆ ಇಳಿಯುತ್ತದೆ, ಎರೆ ಮತ್ತು ಕೆಂಪು ಮಸಾರಿ ನೆಲಗಳಲ್ಲಿ ಗೋವಿನಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಕಾಣುತ್ತವೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಬಳಸಿ ಬರುವ ವರದಾ ನದಿಯು ಹೊಸರಿತ್ತಿಯ ಬದಿಯಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹೊಸರಿತ್ತಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ ದಂಡಿ ಯಾತ್ರೆಯಲ್ಲಿ ನಡೆದು 1943ರ ಏಪ್ರಿಲ್ 1ರಂದು ಇಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವ. ಅನಂತರ ಸ್ವಾತಂತ್ರ್ಯ ಮತ್ತು ಏಕೀಕರಣ ಹೋರಾಟಗಳ ನಾಯಕ ಗುದ್ಲೆಪ್ಪ ಹಳ್ಳಿಕೇರಿ. ದುಡಿಮೆ ಮತ್ತು ಓದು ಬೇರೆಯಲ್ಲ ಎಂಬ ಗಾಂಧೀಜಿಯ ಶಿಕ್ಷಣ ತತ್ವದ ಮೇಲೆ ನಡೆಯುವ, ಮಕ್ಕಳು ಹೊಲದ ಕೆಲಸವನ್ನೂ ಕಲಿಯುವ ವಸತಿ ಶಾಲೆ, ಗಾಂಧಿ ಗ್ರಾಮೀಣ ಗುರುಕುಲ, ಈ ಊರಿನಲ್ಲಿದೆ. ಹೊಳೆ, ಹೊಲ, ಹತ್ತಿರದಲ್ಲೇ ಹುಲ್ಲುಗಾವಲು, ಕೈ ಮಣ್ಣು ಮಾಡಿಕೊಳ್ಳಲು ಹಿಂಜರಿಯದ ವಿದ್ಯಾರ್ಥಿಗಳು ಇವೆಲ್ಲ ಒಂದೆಡೆ ಸೇರಿರುವ ಊರು ಬಯಲು ಪಾಠಕ್ಕೆ ಹೇಳಿ ಮಾಡಿಸಿದ ತಾಣ ಎನ್ನಬಹುದು.

ಈ ಸೀಮೆಯ ನಿಸರ್ಗ ಪಾಠದ ಮೊದಲ ಅಧ್ಯಾಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೇ ಆಗಬೇಕು. ಉತ್ತರ ಕರ್ನಾಟಕದವರು ಚಿಗರಿ ಎಂದು ಕರೆಯುವ, ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸುಗಳಿಗೂ ಹೆಸರು ಕೊಟ್ಟಿರುವ ಕೃಷ್ಣಮೃಗದ ರಕ್ಷಣೆಗಾಗಿ 1974ರ ಜೂನ್ 17ರಂದು 119 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಆಗ ಅಲ್ಲಿ ಚಿಗರಿಯ ಜೊತೆಗೆ ತೋಳ, ನರಿ, ಎಲ್ಲಕ್ಕಿಂತ ಮುಖ್ಯವಾಗಿ ಎರೆಭೂತ ಇತ್ತು. ಹದಿನೈದು ಕಿಲೋವರೆಗೂ ತೂಗಬಲ್ಲ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುವ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲೆ ಇಡುವ ಈ ಹಕ್ಕಿಗೆ ನಾಲ್ಕು ದಿಕ್ಕಿಗೂ ದೂರದವರೆಗೆ ಕಣ್ಣು ಹಾಯುವ ತೆರೆದ ಹುಲ್ಲುಗಾವಲು ಬೇಕು. ದೇಶದಲ್ಲಿ ಇಂದು ಉಳಿದಿರುವ ಎರೆಭೂತಗಳು ಇನ್ನೂರನ್ನೂ ಮುಟ್ಟುವುದಿಲ್ಲ, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಮರುಭೂಮಿಯ ಅಂಚಿನಲ್ಲಿವೆ; ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. ರಾಣೆಬೆನ್ನೂರಿನಲ್ಲಿ ಈಗ ಅದು ಹೆಸರಾಗಿ ಮಾತ್ರ ಉಳಿದಿದೆ.

ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳು ಎದ್ದಿವೆ. ಹುಲ್ಲು, ಕುರುಚಲು, ಅಲ್ಲೊಂದು ಇಲ್ಲೊಂದು ಜಾಲಿ ಮರ ಇರುವ ನೆಲವನ್ನು ಹಾಳು ಬಿದ್ದ ಕಾಡು ಎಂದು ತಿಳಿದು, ಮರ ನೆಟ್ಟರೆ ಅದು ಸುಧಾರಿಸುತ್ತದೆ ಎಂದು ನಂಬಿದ ಕಾಲವದು. ಆ ನಂಬಿಕೆ ಇಂದಿಗೂ ಪೂರ್ತಿ ಅಳಿದಿಲ್ಲ ಎನ್ನುವುದಕ್ಕೆ ಪ್ರತಿ ಮಳೆಗಾಲದಲ್ಲೂ ಬಯಲುಗಳಲ್ಲಿ ನಡೆಯುವ ಸಸಿ ನೆಡುವ ಸಮಾರಂಭಗಳೇ ಸಾಕ್ಷಿ. ಚಿಗರಿ ಹೇಗೋ ಹೊಂದಿಕೊಂಡಿತು: ಹಗಲು ತೋಪಿನ ಅಂಚಿನಲ್ಲಿ ನೆರಳು ಹಿಡಿದು, ಸುತ್ತಲಿನ ಹೊಲಗಳಲ್ಲಿ ಮೇಯುವುದನ್ನು ಕಲಿತು ಸಂಖ್ಯೆಯನ್ನು ಹೆಚ್ಚಿಸಿಕೊಂಡಿತು. ಎರೆಭೂತ ಹೊಂದಿಕೊಳ್ಳಲಿಲ್ಲ. ಬೇಟೆ, ನೀರಾವರಿಯಿಂದ ಬದಲಾದ ಬೆಳೆಗಳು, ಮೊಟ್ಟೆ ಮರಿಗಳಿಗೆ ಎರಗುವ ಬೀದಿನಾಯಿಗಳು ಹೀಗೆ ಅದರ ಅಳಿವಿಗೆ ಕಾರಣಗಳು ಹಲವು. ತೆರೆದ ನೆಲ ಮುಚ್ಚಿಹೋದದ್ದು ಅವುಗಳಲ್ಲಿ ಒಂದು. ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು ಈ ಅಭಯಾರಣ್ಯದಲ್ಲಿ ಮರ ಬೆಳೆಸಿದ್ದರಿಂದ ಆದ ಪರಿಣಾಮಗಳ ಕುರಿತು ಬರೆದ ಲೇಖನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1980ರಲ್ಲಿ ಪ್ರಕಟವಾಯಿತು. ನೋಡುವ ಕಣ್ಣುಗಳು ಇಲ್ಲವೇ ಇರಲಿಲ್ಲ ಎನ್ನುವಂತಿಲ್ಲ. ಇಲ್ಲದೆ ಹೋದದ್ದು ಸುತ್ತಲಿನ ಹಳ್ಳಿಗಳಲ್ಲೇ ವಾಸಿಸುತ್ತ, ತಿಂಗಳು ತಿಂಗಳು ಬರೆದಿಡುತ್ತ, ಯಾವ ಹುಲ್ಲುಗಾವಲಿನಲ್ಲಿ ಯಾವ ವರ್ಷ ಹಕ್ಕಿ ಕಾಣದಾಯಿತು ಎಂಬುದನ್ನು ಆಯಾ ಕಾಲಕ್ಕೆ ಎತ್ತಿ ಹೇಳಬಲ್ಲ ಸ್ಥಳೀಯರ ಪಡೆ.

ಈ ಮಾತು ಒಂದು ತಾಲ್ಲೂಕಿಗೆ ಸೀಮಿತವಲ್ಲ. ಮರಗಳು ವಿರಳವಾಗಿ, ಹುಲ್ಲು ಕುರುಚಲುಗಳು ಸಹಜವಾಗಿಯೇ ಪ್ರಧಾನವಾಗಿರುವ ನೆಲೆಗಳನ್ನು ವಿಜ್ಞಾನಿಗಳು ಈಗ ತೆರೆದ ನೈಸರ್ಗಿಕ ಪರಿಸರಗಳು ಎಂದು ಕರೆಯುತ್ತಾರೆ, ಎಂ. ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅವರು ಉಪಗ್ರಹ ಚಿತ್ರಗಳ ನೆರವಿನಿಂದ ರಚಿಸಿದ ನಕ್ಷೆಯ ಪ್ರಕಾರ ಇವು ದೇಶದ ನೆಲದ ಸುಮಾರು ಶೇ. 10ರಷ್ಟನ್ನು ಆವರಿಸಿವೆ, ಆದರೆ ಅವುಗಳ ತೀರ ಸಣ್ಣ ಭಾಗಕ್ಕೆ ಮಾತ್ರ ಕಾನೂನಿನ ರಕ್ಷಣೆಯಿದೆ. ಸರ್ಕಾರಿ ಲೆಕ್ಕದಲ್ಲಿ ಇವುಗಳಲ್ಲಿ ಬಹಳಷ್ಟು ಬಂಜರು ಭೂಮಿ. ದೇಶದಾದ್ಯಂತ ಸುಮಾರು 30,000 ಹಕ್ಕಿ ವೀಕ್ಷಕರು ಒದಗಿಸಿದ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು, ಬಯಲು ಹುಲ್ಲುಗಾವಲುಗಳನ್ನೇ ನಂಬಿದ ಹಕ್ಕಿಗಳು ತೀವ್ರವಾಗಿ ಕುಸಿಯುತ್ತಿವೆ ಎಂದು ತೋರಿಸಿತು. ಕರ್ನಾಟಕದ ರಾಜ್ಯಪಕ್ಷಿಯಾದ, ದಸರೆಯ ದಿನ ಕಂಡರೆ ಶುಭವೆಂದು ನಂಬಲಾಗುವ ನೀಲಕಂಠವೂ ಇಳಿಮುಖವಾಗಿದೆ. ಅದರ ಜಾಗತಿಕ ಸ್ಥಾನಮಾನವನ್ನು ಮರುಪರಿಶೀಲಿಸಬೇಕೆಂದು ಆ ವರದಿ ಶಿಫಾರಸು ಮಾಡಿದೆ. ಆ ದಾಖಲೆಗಳನ್ನು ಒದಗಿಸಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಹವ್ಯಾಸಿಗಳು ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ಬಯಲಿನಲ್ಲಿ ನಿಸರ್ಗ ವೀಕ್ಷಕನ ಕಲಿಕೆ ಎಲ್ಲಿಂದ ತೊಡಗಬೇಕು? ಮೊದಲ ಸಾಧನ ದುಬಾರಿ ಕ್ಯಾಮೆರಾ ಅಲ್ಲ, ಕಿಸೆಯಲ್ಲಿ ಹಿಡಿಯುವ ಟಿಪ್ಪಣಿ ಪುಸ್ತಕ. ದಿನಾಂಕ, ವೇಳೆ, ಸ್ಥಳ, ಹವೆ, ಕಂಡದ್ದು, ಎಷ್ಟು, ಏನು ಮಾಡುತ್ತಿತ್ತು ಎಂಬಿಷ್ಟನ್ನು ಪ್ರತಿ ಸಲವೂ ಬರೆಯುವುದು, ಊಹೆಯನ್ನು ಊಹೆಯೆಂದೇ ಗುರುತು ಮಾಡುವುದು, ಕಾಣಬೇಕಾಗಿದ್ದದ್ದು ಕಾಣದಿದ್ದರೆ ಅದನ್ನೂ ದಾಖಲಿಸುವುದು ಈ ವಿದ್ಯೆಯ ಅಡಿಪಾಯ. ಎರೆಭೂತದ ಕಥೆಯಲ್ಲಿ ಕೊರತೆಯಾದದ್ದು ಈ ಕೊನೆಯ ಬಗೆಯ ದಾಖಲೆಯೇ. ಹಕ್ಕಿಯನ್ನು ಗುರುತಿಸುವಾಗ ಬಣ್ಣಕ್ಕಿಂತ ಮೊದಲು ಗಾತ್ರ, ಆಕಾರ, ಕೊಕ್ಕಿನ ರೀತಿ, ನಡೆಯುವ ಹಾರುವ ಬಗೆ, ಕುಳಿತ ಜಾಗಗಳನ್ನು ನೋಡಲು ಕಲಿಸಲಾಗುತ್ತದೆ, ಏಕೆಂದರೆ ಹುಲ್ಲುಗಾವಲಿನ ನೆಲಗುಬ್ಬಿ, ಗೌಜಲಕ್ಕಿ, ಟಿಟ್ಟಿಭಗಳೆಲ್ಲ ಮಣ್ಣಿನ ಬಣ್ಣದಲ್ಲೇ ಕರಗಿ ಹೋಗುವಂಥವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬಂದು ದಖ್ಖನದ ಬಯಲುಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆಗಳನ್ನು ಹಿಡಿಯುವ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಗಳನ್ನು ಒಂದರಿಂದೊಂದು ಬೇರೆ ಮಾಡಿ ಹೇಳುವುದು ಪಳಗಿದವರಿಗೂ ಸುಲಭವಲ್ಲ.

ಪ್ರಾಣಿಗಳ ವಿಷಯದಲ್ಲಿ ಕಣ್ಣಿಗೆ ಬೀಳುವುದಕ್ಕಿಂತ ಬಿಟ್ಟು ಹೋದ ಕುರುಹುಗಳೇ ಹೆಚ್ಚು ಮಾತಾಡುತ್ತವೆ. ಗಂಡು ಚಿಗರಿ ತನ್ನ ಗಡಿಯನ್ನು ಸಾರಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಅಂಥ ಹಿಕ್ಕೆ ರಾಶಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಯಾವ ಗಂಡು ಎಷ್ಟು ನೆಲವನ್ನು ಹಿಡಿದಿದೆ ಎಂಬ ಸುಳಿವು ಸಿಗುತ್ತದೆ. ಪ್ರಾಯಕ್ಕೆ ಬಂದಂತೆ ಗಂಡಿನ ಮೈ ಕಂದಿನಿಂದ ಕಪ್ಪಿಗೆ ತಿರುಗುತ್ತದೆ, ಕೋಡುಗಳ ಸುರುಳಿ ಹೆಚ್ಚುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಕೋಡಿರುವುದಿಲ್ಲ. ಒಂದು ಹಿಂಡಿನಲ್ಲಿ ಹೆಣ್ಣು, ಮರಿ, ಎಳೆ ಗಂಡು, ಬಲಿತ ಗಂಡುಗಳು ಯಾವ ಪ್ರಮಾಣದಲ್ಲಿವೆ ಎಂದು ಎಣಿಸಿದರೆ ಆ ಹಿಂಡು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂದು ಅಂದಾಜಿಸಬಹುದು. ತೋಳದ ಹೆಜ್ಜೆಗುರುತು ನಾಯಿಯದಕ್ಕಿಂತ ನೀಳ, ಅದರ ನಡೆಯ ಸಾಲು ಹೆಚ್ಚು ನೇರ. ಆದರೂ ಒಂದೇ ಹೆಜ್ಜೆ ನೋಡಿ ತೋಳವೆಂದು ಘೋಷಿಸುವವನನ್ನು ನಂಬಬಾರದು ಎಂಬ ಎಚ್ಚರವೂ ಪಾಠದ ಭಾಗ. ತೋಳಕ್ಕೂ ರಾಜ್ಯದಲ್ಲಿ ಈಗ ಒಂದು ಧಾಮ ಇದೆ, ಅದೂ ಬಂಕಾಪುರದಲ್ಲಿ. ಆದರೆ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರ. ಹಾವೇರಿ ಜಿಲ್ಲೆಯ ಬಂಕಾಪುರದ ಹಳೆಯ ಕೋಟೆಯೊಳಗಿರುವುದು ನವಿಲು ಧಾಮ.

ಗಿಡಮರಗಳ ಪಾಠವನ್ನು ಮರಗಳಿಂದಲ್ಲ, ಹುಲ್ಲಿನಿಂದ ತೊಡಗುವುದು ಈ ಸೀಮೆಗೆ ಸಲ್ಲುವ ಕ್ರಮ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳೂ ತಪ್ಪಿಸಿಕೊಳ್ಳಲು ನೋಡುವ ಕುಟುಂಬವಿದು. ಎಲ್ಲವೂ ಒಂದೇ ರೀತಿ ಕಾಣುತ್ತವೆ ಎಂಬುದು ಸಾಮಾನ್ಯ ದೂರು. ಆದರೆ ಯಾವ ಹುಲ್ಲು ಮಳೆ ಬಿದ್ದ ಕೂಡಲೇ ಚಿಗುರುತ್ತದೆ, ಯಾವುದು ಎಳೆಯದಿದ್ದಾಗ ಮಾತ್ರ ಮೇವು, ಯಾವುದರ ಮುಳ್ಳುತೆನೆ ಕುರಿಯ ಉಣ್ಣೆಗೆ ಸಿಕ್ಕಿ ಚರ್ಮ ಚುಚ್ಚುತ್ತದೆ ಎಂಬುದನ್ನು ಐರಣಿ, ದೇವರಗುಡ್ಡದ ಸುತ್ತಿನ ಕುರಿಗಾಹಿಗಳು ಬಾಯಲ್ಲೇ ಹೇಳಬಲ್ಲರು. ತರಬೇತಿಗೆ ಇಂಥವರನ್ನು ಅತಿಥಿಗಳಾಗಿ ಒಮ್ಮೆ ಕರೆದು ಶಾಲು ಹೊದಿಸಿ ಕಳಿಸುವುದರಿಂದ ಪ್ರಯೋಜನವಿಲ್ಲ, ಅವರು ಗುರುಗಳ ಸ್ಥಾನದಲ್ಲಿ ಕೂರಬೇಕು. ತೋಳದ ಗವಿ ಎಲ್ಲಿದೆ, ಅದು ಮರಿ ಹಾಕುವ ಕಾಲ ಯಾವುದು ಎಂಬುದು ಅವರಿಗೆ ತಿಳಿದಿರುತ್ತದೆ. ತಮ್ಮ ಕುರಿಯನ್ನೇ ಒಯ್ಯುವ ಪ್ರಾಣಿಯ ಬಗ್ಗೆ ಅವರಿಗಿರುವ ಮಿಶ್ರ ಭಾವನೆಯನ್ನು ಕೇಳಿಸಿಕೊಳ್ಳುವುದೂ ಕಲಿಕೆಯೇ.

ಗಿಡ ಚಿಗುರುವುದು, ಹೂ ಬಿಡುವುದು, ಕಾಯಿ ಕಟ್ಟುವುದು, ವಲಸೆ ಹಕ್ಕಿ ಬರುವುದು ಹೋಗುವುದು ಮುಂತಾದ ಋತುಸಂಬಂಧಿ ಘಟನೆಗಳನ್ನು ವರ್ಷದಿಂದ ವರ್ಷಕ್ಕೆ ದಾಖಲಿಸುವ ಅಧ್ಯಯನಕ್ಕೆ ಫಿನಾಲಜಿ ಎನ್ನುತ್ತಾರೆ. ಹವಾಮಾನ ಬದಲಾವಣೆಯ ಪರಿಣಾಮವನ್ನು ಸಾಮಾನ್ಯರು ಅಳೆಯಬಹುದಾದ ಸರಳ ದಾರಿ ಇದು. ಮನೆಯ ಅಥವಾ ಶಾಲೆಯ ಬಳಿಯ ಒಂದೇ ಮರವನ್ನು ವಾರಕ್ಕೊಮ್ಮೆ ನೋಡಿ ಬರೆಯುವ ಸೀಸನ್‌ವಾಚ್ ಎಂಬ ಯೋಜನೆ 2010ರಿಂದ ದೇಶದಲ್ಲಿ ನಡೆದಿದೆ. ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ನಕ್ಷತ್ರಗಳನ್ನು ಹಿಡಿದು ಬಿತ್ತನೆಯ ಹದ ನೋಡುವ ರೈತರಿಗೆ ಈ ಆಲೋಚನೆ ಅಪರಿಚಿತವಲ್ಲ. ರೋಹಿಣಿ ಮಳೆಗೆ ಮುಂಚೆ ಕಕ್ಕೆ ಹೂ ಬಿಟ್ಟಿತೋ ಇಲ್ಲವೋ, ಮುತ್ತುಗದ ಹೂ ಹೋಳಿಗೆ ಮೊದಲೇ ಉದುರಿತೋ, ಬಾವಿಯ ಮೇಲೆ ಬಾಗಿದ ಜಾಲಿಗೆ ಗೀಜಗ ಗೂಡು ನೇಯಲು ತೊಡಗಿದ್ದು ಯಾವ ಮಳೆಯಲ್ಲಿ ಎಂಬುದನ್ನು ಬರೆದಿಟ್ಟ ಹತ್ತು ವರ್ಷದ ವಹಿಯೊಂದು ಹೊಸರಿತ್ತಿಯ ಯಾವುದಾದರೂ ಮನೆಯಲ್ಲಿದ್ದರೆ ಅದರ ಬೆಲೆ ಯಾವ ಪ್ರಬಂಧಕ್ಕೂ ಕಡಿಮೆಯಲ್ಲ.

ವರದೆಯ ದಂಡೆ ಬೇರೆಯದೇ ಪಾಠ. ಮಳೆಗಾಲದಲ್ಲಿ ಹೊಲಗಳಿಗೆ ನುಗ್ಗಿ ಬೇಸಿಗೆಯಲ್ಲಿ ಮಡುಗಳಿಗೆ ಇಳಿಯುವ ಈ ಹೊಳೆಯ ಮಣ್ಣಿನ ದಡಗಳಲ್ಲಿ ಕಳ್ಳಿಪೀರಗಳೂ ಮಿಂಚುಳ್ಳಿಗಳೂ ಬಿಲ ಕೊರೆದು ಗೂಡು ಮಾಡುತ್ತವೆ, ಮರಳ ದಿಬ್ಬಗಳನ್ನು ನೆಚ್ಚಿದ ಕೆಲ ನೀರಹಕ್ಕಿಗಳು ನೀರಿಳಿದ ತಿಂಗಳುಗಳಲ್ಲಿ ಬಯಲಿನಲ್ಲೇ ಮೊಟ್ಟೆಯಿಡುತ್ತವೆ. ಮರಳು ತೆಗೆಯುವ ಕಾಲವೂ ಅದೇ ಆಗಿರುವುದರಿಂದ ಯಾವ ದಿಬ್ಬದಲ್ಲಿ ಗೂಡುಗಳಿವೆ ಎಂಬ ಮಾಹಿತಿಗೆ ಇಲ್ಲಿ ನೇರ ಉಪಯೋಗವಿದೆ. ಕೆರೆಗಳ ಪಾಠಕ್ಕೆ ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಬಹುದು. ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾದ ಈ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿತು.

ಹೊರಾಂಗಣದ ಕಲಿಕೆಗೆ ಕನ್ನಡದಲ್ಲೇ ಉತ್ತಮ ಪರಂಪರೆಯಿದೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಹುಟ್ಟಿದ್ದು ವಿದ್ಯಾರ್ಥಿಗಳೊಂದಿಗೆ ಮಾಡಿದ ಸಸ್ಯ ಸಂಗ್ರಹ ಪ್ರವಾಸಗಳಿಂದ. ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಹಳ್ಳಿಯ ಓದುಗನ ಕೈಗೂ ಹಕ್ಕಿಗಳ ಗುರುತನ್ನು ತಲುಪಿಸಿತು. ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸೆಲ್ಬೋರ್ನ್ ಎಂಬ ತನ್ನ ಒಂದೇ ಹಳ್ಳಿಯ ನಿಸರ್ಗವನ್ನು ದಶಕಗಳ ಕಾಲ ಗಮನಿಸಿ ಬರೆದ ಪತ್ರಗಳು 1789ರಲ್ಲಿ ಪುಸ್ತಕವಾಗಿ ಬಂದು ಇಂದಿಗೂ ಓದಿಸಿಕೊಳ್ಳುತ್ತಿವೆ. ಧಾರವಾಡ ಸೀಮೆ ಸೇರಿದಂತೆ ದಕ್ಷಿಣ ಮರಾಠಾ ಪ್ರಾಂತ್ಯದ ಹಕ್ಕಿಗಳ ಪಟ್ಟಿಯನ್ನು ಬ್ರಿಟಿಷ್ ಸೈನ್ಯಾಧಿಕಾರಿ ಇ. ಎ. ಬಟ್ಲರ್ 1881ರಲ್ಲೇ ಪ್ರಕಟಿಸಿದ್ದ. ಹೊರಗಿನಿಂದ ಬಂದ ಅಧಿಕಾರಿ ಆಗ ಮಾಡಿದ ಕೆಲಸವನ್ನು ಊರಿನವರೇ ಇನ್ನೂ ನಿಖರವಾಗಿ ಮಾಡಲು ಈಗ ಅಡ್ಡಿಯಿಲ್ಲ. ಮೊಬೈಲಿನಲ್ಲಿ ಇಬರ್ಡ್‌ನಂಥ ವ್ಯವಸ್ಥೆಗಳಿಗೆ ಪಟ್ಟಿ ಸಲ್ಲಿಸಿದರೆ ಅದು ಪರಿಶೀಲನೆಗೊಳಗಾಗಿ ವಿಜ್ಞಾನಿಗಳಿಗೆ ಲಭ್ಯವಾಗುತ್ತದೆ.

ಕಲಿಸಲೇಬೇಕಾದ ಇನ್ನೊಂದು ಸಂಗತಿ ಮಿತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಗೂಡಿನ ಸನಿಹದ ಛಾಯಾಚಿತ್ರ, ಹಕ್ಕಿಯ ಧ್ವನಿಮುದ್ರಣವನ್ನು ಹಾಕಿ ಅದನ್ನು ಹತ್ತಿರಕ್ಕೆ ಕರೆಯುವುದು, ಅಪರೂಪದ ಪ್ರಾಣಿಯ ಜಾಗವನ್ನು ಜಾಲತಾಣಗಳಲ್ಲಿ ಬಹಿರಂಗ ಮಾಡುವುದು ಇವುಗಳಿಂದ ದೂರವಿರುವುದು ವೀಕ್ಷಕನ ಶಿಸ್ತು. ಹಾವು ಹಿಡಿಯುವ ಸಾಹಸವನ್ನು ನಿಸರ್ಗ ಪ್ರೇಮವೆಂದು ತಿಳಿಯುವ ಚಾಳಿ ಈಚೆಗೆ ಹಳ್ಳಿ ಪಟ್ಟಣಗಳಲ್ಲಿ ಬೆಳೆದಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ವಿಷದ ಹಾವುಗಳನ್ನು ದೂರದಿಂದ ಗುರುತಿಸಲು ಕಲಿತು, ಕಚ್ಚಿದವರನ್ನು ನಾಟಿ ಮದ್ದು ಮಂತ್ರಗಳಲ್ಲಿ ಹೊತ್ತು ಕಳೆಯದೆ ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಬೇಕೆಂದು ಊರಿಗೆ ತಿಳಿಹೇಳುವವನು ಹತ್ತು ಹಾವು ಹಿಡಿದವನಿಗಿಂತ ಹೆಚ್ಚು ಜೀವ ಉಳಿಸುತ್ತಾನೆ.

ರೈತರ ಮಾತನ್ನು ಬದಿಗಿಟ್ಟು ಚಿಗರಿಯ ಮಾತಾಡುವುದೂ ಸಾಧ್ಯವಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳಲ್ಲಿ ಮೊಳಕೆಯೊಡೆದ ಗೋವಿನಜೋಳ, ಶೇಂಗಾ, ಹತ್ತಿಯ ಸಾಲುಗಳನ್ನು ಹಿಂಡುಗಳು ಒಂದೇ ರಾತ್ರಿಯಲ್ಲಿ ಮೇಯುವುದು ಪ್ರತಿ ಮುಂಗಾರಿನ ಗೋಳು. ಮರು ಬಿತ್ತನೆಯ ಬೀಜ ಗೊಬ್ಬರದ ಖರ್ಚು ಸಣ್ಣ ಹಿಡುವಳಿದಾರರಿಗೆ ಹೊರೆ. ಯಾವ ಹೊಲದಲ್ಲಿ, ಬೆಳೆಯ ಯಾವ ಹಂತದಲ್ಲಿ, ಎಷ್ಟು ನಷ್ಟ ಎಂಬುದನ್ನು ಪಕ್ಷಪಾತವಿಲ್ಲದೆ ದಾಖಲಿಸುವ ಮೂರನೆಯ ವ್ಯಕ್ತಿ ಇದ್ದರೆ ಪರಿಹಾರದ ಅರ್ಜಿಗೂ ಬಲ ಬರುತ್ತದೆ, ಯಾವ ಅಂಚಿನಲ್ಲಿ ಕಾವಲು ಬೇಕೆಂಬುದೂ ತಿಳಿಯುತ್ತದೆ. ಸ್ವಯಂಸೇವಕನು ಅರಣ್ಯ ಇಲಾಖೆಯ ವಕೀಲನೂ ಅಲ್ಲ, ಅದರ ಎದುರಾಳಿಯೂ ಅಲ್ಲ ಎಂಬ ನಂಬಿಕೆ ಊರಿನಲ್ಲಿ ಬೇರೂರದ ಹೊರತು ಅವನ ಟಿಪ್ಪಣಿ ಪುಸ್ತಕಕ್ಕೆ ಬೆಲೆ ಬರುವುದಿಲ್ಲ.

ನೆಲದ ಬಗ್ಗೆ ಊರಿನವರು ತಾವೇ ಮಾತಾಡಿದ ನಿದರ್ಶನ ಈ ಜಿಲ್ಲೆಯಲ್ಲಿದೆ. 1980ರ ದಶಕದಲ್ಲಿ ಹಳ್ಳಿಗಳ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಕೊಟ್ಟಾಗ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನರು 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಸಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಮುಂದೆ ಆ ಕಂಪನಿ ಮುಚ್ಚಿತು. ಮೇವು, ಸೌದೆ, ಹಣ್ಣುಗಳ ಮೇಲಿನ ಹಕ್ಕಿಗಾಗಿ ನಡೆದ ಹೋರಾಟವದು, ಹಕ್ಕಿ ಚಿಗರಿಗಳಿಗಾಗಿ ಅಲ್ಲ. ಆದರೂ ಬಯಲು ನೆಲ ಬಂಜರಲ್ಲ, ಅದರಿಂದ ಯಾರೋ ಬದುಕುತ್ತಿದ್ದಾರೆ ಎಂಬ ಸತ್ಯವನ್ನು ಅದು ಎತ್ತಿ ಹಿಡಿಯಿತು.

ಹೊರದೇಶದ ಒಂದು ಮಾದರಿ ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1998ರಲ್ಲಿ ತೊಡಗಿದ ಮಾಸ್ಟರ್ ನ್ಯಾಚುರಲಿಸ್ಟ್ ಕಾರ್ಯಕ್ರಮದಲ್ಲಿ ಸ್ಥಳೀಯ ಘಟಕಗಳು ತಮ್ಮ ತಮ್ಮ ಪ್ರದೇಶದ ನಿಸರ್ಗವನ್ನೇ ಪಠ್ಯವಾಗಿಸಿಕೊಂಡು ಕನಿಷ್ಠ 40 ತಾಸು ಕಲಿಸುತ್ತವೆ. ಪ್ರಮಾಣಪತ್ರ ಬೇಕಾದವರು 40 ತಾಸು ಸಾರ್ವಜನಿಕ ಸೇವೆಯನ್ನೂ 8 ತಾಸು ಹೆಚ್ಚಿನ ಕಲಿಕೆಯನ್ನೂ ಪೂರೈಸಬೇಕು. ಕಲಿತದ್ದಕ್ಕೆ ಸಮನಾಗಿ ಸೇವೆಯನ್ನು ಹಿಂದಿರುಗಿಸಬೇಕೆಂಬ ಈ ಕರಾರೇ ನಮ್ಮ ಶಿಬಿರಗಳಲ್ಲಿ ಕಾಣದಿರುವುದು. ಇಲ್ಲಿ ಪ್ರಮಾಣಪತ್ರದೊಂದಿಗೆ ಸಂಬಂಧ ಮುಗಿಯುತ್ತದೆ. ಶಿಬಿರದ ಗುಂಪುಚಿತ್ರ ಉಳಿಯುತ್ತದೆ.

ಸೇವೆಗೆ ಕಾಯುತ್ತಿರುವ ಕೆಲಸವಂತೂ ಪ್ರತಿ ಪಂಚಾಯಿತಿಯಲ್ಲೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಆ ಸಮಿತಿಯು ಊರಿನ ಗಿಡಮೂಲಿಕೆ, ಬೆಳೆ ತಳಿ, ಜಾನುವಾರು, ಹಕ್ಕಿ, ಮೀನು, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಸ್ಥಳೀಯರ ಜೊತೆ ಸಮಾಲೋಚಿಸಿ ಬರೆದಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಬೆಳೆಸಿದ ಈ ಕಲ್ಪನೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ ಅಂತ್ಯದ ಗಡುವು ಹಾಕಿದಾಗ ದೇಶದ ಬಹಳಷ್ಟು ಕಡೆ ಅವಸರದ ನಮೂನೆ ತುಂಬುವ ಕೆಲಸವಾಗಿ ಕುಗ್ಗಿತು. ಹಾಗೆ ತುಂಬಿದ ಪುಸ್ತಕಗಳನ್ನು ತಿದ್ದಿ ಬೆಳೆಸಲು ಬೇಕಾದವರು ಊರಿನಲ್ಲೇ ಇರುವ, ನೋಡಲು ಮತ್ತು ಬರೆಯಲು ಕಲಿತ ಜನ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆತು ಅದರ ಕಡ್ಡಿ, ಡಬ್ಬಿ ತಳಿಗಳ ಹೆಸರು ಕಾಗದದ ಮೇಲೆ ಭದ್ರವಾಗಿದೆ. ಅದೇ ಹೊಲದ ಬದುವಿನ ಹುಲ್ಲು ಹಕ್ಕಿಗಳಿಗೆ ಆ ಭಾಗ್ಯ ಒದಗಬೇಕಾದದ್ದು ಈ ದಾಖಲಾತಿಯಲ್ಲಿ.

ಆದ್ದರಿಂದ ಶಿಬಿರವೊಂದರಲ್ಲಿ ತರಬೇತಿ ಮುಗಿಸಿ ಬಂದವರೂ, ಅಂಥ ಅವಕಾಶ ಸಿಗದೆ ಪುಸ್ತಕಗಳಿಂದಲೇ ಕಲಿಯುತ್ತಿರುವವರೂ ಮುಂದಿನ ಗ್ರಾಮಸಭೆಯ ದಿನ ತಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಜೀವವೈವಿಧ್ಯ ದಾಖಲಾತಿಯನ್ನು ಕೇಳಿ ಪಡೆದು ಓದಬೇಕು. ತಮ್ಮ ಊರಿನ ಹುಲ್ಲುಗಾವಲು, ಗೋಮಾಳ, ಹೊಳೆದಂಡೆಗಳ ಪುಟಗಳು ಖಾಲಿಯಿದ್ದರೆ ಅವನ್ನು ತುಂಬಲು ಸಮಿತಿಗೆ ಲಿಖಿತವಾಗಿ ಒಪ್ಪಿಗೆ ಕೊಡಬೇಕು.